ಬಿಳಿ ಮುಚ್ಚಳದ ಟ್ಯೂಬು

ಬಿಳಿ ಮುಚ್ಚಳದ ಟ್ಯೂಬಿನೊಳಗೆ ನೇರಳೆ ಉಂಗುರ ಕಂಡು ಸಂಶೋಧಕಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬಣ್ಣ ಕೂತಿದೆಯೆಂದರೆ ಬ್ಯಾಕ್ಟೀರಿಯಾ ಗಾಜಿಗೆ ಅಂಟಿದೆ ಎಂದರ್ಥ. ಅಂಟಬಾರದಿತ್ತು. ನೀಲಿ ಮುಚ್ಚಳದ ಟ್ಯೂಬಿನ ಬ್ಯಾಕ್ಟೀರಿಯಾಗಳ ಮೈಮೇಲಿರುವ ಅಮಿಲಾಯ್ಡ್ ಎಂಬ ಪ್ರೋಟೀನಿನ ನೂಲು ಇವುಗಳಿಗಿಲ್ಲ. ನೂಲಿಲ್ಲದಿದ್ದರೆ ಅಂಟುವುದೇ ಇಲ್ಲವೆಂದು ಎರಡು ವರ್ಷದಿಂದ ಸಾಧಿಸುತ್ತಿದ್ದಳು. ಹನ್ನೊಂದಕ್ಕೆ ಪ್ರೊಫೆಸರರ ಮುಂದೆ ಅದನ್ನೇ ಹೇಳಬೇಕು. ಕಿಟಕಿಗೂ ಮೇಜಿಗೂ ನಾಲ್ಕು ಸಲ ಓಡಾಡಿದಳು.

"ನಿನ್ನೆ ನಾನು ರಜೆ. ಟ್ಯೂಬ್ ತೊಳೆದಿದ್ದು ಯಾರಮ್ಮ?" ಎಂದಳು ಗಾಜು ತೊಳೆಯುವ ಅಕ್ಕ.

"ನಾನೇ. ಬಣ್ಣ ಹಾಕೋ ಮುಂಚೆ ನೀರಲ್ಲಿ ಅದ್ದಿ ತೆಗೆದೆ. ಅಷ್ಟೇ ತಾನೆ?"

"ಅಯ್ಯೋ, ಇಷ್ಟು ದಿನ ನಾನು ಬ್ರಷ್ ಹಾಕಿ ಉಜ್ಜಿ ಕೊಡ್ತಿದ್ದೆ. ಲೋಳೆ ಲೋಳೆ ಇರೋದನ್ನ ಹಾಗೇ ಕೊಡೋಕೆ ಮನಸ್ಸು ಬರ್ತಿರಲಿಲ್ಲ. ಬಿಳಿ ಮುಚ್ಚಳದ್ದು ಒಂದೇ ಸಲಕ್ಕೆ ಹೋಗೋದು. ನೀಲಿದು ಮಾತ್ರ, ರಟ್ಟೆ ಬಿದ್ದುಹೋದ್ರೂ ಬಿಡ್ತಿರಲಿಲ್ಲ."

ಎರಡು ವರ್ಷ ಮಣ್ಣುಪಾಲಾಯಿತೆಂದು ರೇಗಲು ಬಾಯಿ ತೆರೆದ ಸಂಶೋಧಕಿ ನೀಲಿ ಮುಚ್ಚಳದ ಟ್ಯೂಬನ್ನೂ ಎತ್ತಿ ನೋಡಿದಳು. ಎರಡೂ ಅಂಟುತ್ತಿದ್ದವು. ಉಜ್ಜಿದರೂ ಬಿಡದಿದ್ದದ್ದು ನೂಲಿದ್ದದ್ದು ಮಾತ್ರ.

"ಹನ್ನೊಂದಾಯ್ತು, ಸರ್ ಕಾಯ್ತಿದ್ದಾರೆ," ಎಂದು ಅಕ್ಕ ಮೆಲ್ಲಗೆ ನೆನಪಿಸಿದಳು.

ಅವಳು ತೊಟ್ಟಿಯ ಅಂಚಿನಲ್ಲಿದ್ದ ಬ್ರಷ್ ತೆಗೆದು ಅಕ್ಕನ ಕೈಗಿಟ್ಟಳು. "ಕಾಯಲಿ. ಎಷ್ಟು ಜೋರಾಗಿ ಉಜ್ಜುತ್ತಿದ್ರಿ, ತೋರಿಸಿ."