ಹಪ್ಪಳ ಒತ್ತುವ ಮಣೆಯ ಮೇಲೆ

ಹಲಸಿನ ಸೊಳೆ ಬೇಯುವ ವಾಸನೆ ಬಂದರೆ ಈಗಲೂ ನನಗೆ ಹಟ್ಟಿಯಂಗಡಿಯ ನಮ್ಮ ಅಂಗಳದ ಆ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಅವಳು ಹಿಟ್ಟಿನ ಉಂಡೆ ಇಟ್ಟು ಮಣೆ ಮುಚ್ಚಿದರೆ, ನಾನು ಮೇಲೆ ಕೂತು ಒತ್ತಬೇಕು. ಎದ್ದಾಗ ಉಂಡೆ ಹಪ್ಪಳವಾಗಿರುತ್ತಿತ್ತು. ಶಾಲೆಯ ಸುದ್ದಿಯನ್ನೆಲ್ಲ ನಾನು ಅಮ್ಮನಿಗೆ ಹೇಳುತ್ತಿದ್ದದ್ದು ಆ ಮಣೆಯ ಮೇಲೆ ಕೂತೇ.

ಆ ಮಧ್ಯಾಹ್ನ ಒತ್ತುವ ಮಿಷನ್ ಬಂತು. ಕೆಲಸಕ್ಕೆ ಅಕ್ಕಪಕ್ಕದ ಹೆಂಗಸರೂ ಬಂದರು; ಉಪ್ಪು-ಖಾರದ ಹದವನ್ನು ಅಮ್ಮ ನೆರೆಮನೆಯ ಗಿರಿಜಕ್ಕನಿಗೆ ಕಲಿಸಿಕೊಟ್ಟಳು.

"ಹ್ವಾಯ್, ಯಾರೂ ಜಾಸ್ತಿ ಹಪ್ಪಳ ಕೇಳುಕ್ ಮುಂಚೆಯೇ ಮಿಷನ್ನಾ? ಗಂಡು ಗೊತ್ತಾಪುಕ್ ಮೊದ್ಲೇ ಚಪ್ಪರ ಹಾಕ್ದಂಗ್ ಆಯ್ತಲೆ!" ಎಂದು ಗಿರಿಜಕ್ಕ ನಕ್ಕಳು.

"ಕೇಂಡ್ ಮೇಲ್ ಹೊರಟ್ರೆ ಆತಿಲ್ಲ ಗಿರ್ಜಕ್ಕ. ಬಪ್ಪ ವರ್ಷ ಬೈಂದೂರಿನ ಅಂಗಡಿಗೂ ಕೊಡ್ಕ್. ನಾನ್ ಮನೇಲಿ ಇಲ್ದಿದ್ರೂ ಕೆಲ್ಸ ನಿಲ್ಲುಕಾಗ," ಎಂದಳು ಅಮ್ಮ.

"ನಾನ್ ಎಲ್ಲ್ ಕೂಕಂಬ್ದ್ ಅಮ್ಮ?" ಎಂದೆ, ಮೂಲೆಗೆ ಸರಿಸಿದ ಮಣೆಯನ್ನು ನೋಡುತ್ತ.

"ನೀನ್ ಆಡುಕ್ ಹೋಗ್ ಮಗಾ," ಎಂದು ಅವಳು ಅಂಗಡಿಯವರನ್ನು ಕಾಣಲು ಬಸ್ಸಿಗೆ ಹೊರಟಳು. ಮಿಷನ್ನಿನ ಸುತ್ತ ಹೆಂಗಸರ ಮಾತು, ನಗು. ನಾನು ಜಗಲಿಯಲ್ಲಿ ಕೂತು ಒಣಗುವ ಹಪ್ಪಳಗಳನ್ನು ನೋಡಿದೆ. ಎಲ್ಲವೂ ಒಂದೇ ಅಗಲ, ಒಂದೇ ದಪ್ಪ.

ಸಂಜೆ ಬಂದ ಅಮ್ಮ ಪ್ರತಿಯೊಬ್ಬರನ್ನೂ ಕೆಲಸ ಹೇಗಾಯಿತೆಂದು ವಿಚಾರಿಸಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ನೀನ್ ಎಂತ ಮಾಡ್ದೆ ಮಗಾ?"

"ಎಂತದೂ ಇಲ್ಲ."

"ಹಾಂಗೇ ಇರ್ಕ್. ಇನ್ ಮೇಲ್ ನಿಂಗೆ ಈ ಕೆಲ್ಸದ್ ಹಂಗಿಲ್ಲ," ಎಂದಳು. ಅವಳ ಮುಖ ಅಷ್ಟು ಗೆಲುವಾಗಿದ್ದುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ತಲೆ ಸವರಿ, ಮಿಷನ್ ಒರೆಸಲು ಕೂತಳು.