ಆ ದಿನ ಕಂಡ ಹಕ್ಕಿ

ಯುಗಾದಿಯ ಮರುದಿನ ಶನಿವಾರ. ಅಂದು ಹಕ್ಕಿ ನೋಡಲು ಹೋಗುವುದೆಂದು ಮೂವರು ಗೆಳೆಯರೂ ಮೊದಲೇ ಒಪ್ಪಿದ್ದರು. ಎಲ್ಲಿಗೆ ಎಂದು ಮಾತ್ರ ಯಾರೂ ಬಾಯಿಬಿಡಲಿಲ್ಲ. ಹೋದ ವರ್ಷ ಜಾಗ ಹೇಳಿದವನು ಬೈಸಿಕೊಂಡದ್ದು ಎಲ್ಲರಿಗೂ ನೆನಪಿತ್ತು.

"ನೀನೇ ಹೇಳಪ್ಪ," ಎಂದ ಶಿವನಂಜ.

"ನನಗೆ ಎಲ್ಲಾದ್ರೂ ಸರಿ," ಎಂದ ಮುಕುಂದ.

ಎರಡು ವಾರ ಹೀಗೇ ಕಳೆದವು. ಕೊನೆಗೆ ತಿಪ್ಪೇಶಿಗೆ ತಡೆಯಲಾಗಲಿಲ್ಲ. "ಹಿರೇಕೆರೆಗೆ ಹೋಗೋಣ. ಕೊಕ್ಕರೆಗಳ ಸಂತೆಯೇ ನೆರೆದಿರುತ್ತೆ. ಆಮೇಲೆ ನನ್ನನ್ನ ಏನೂ ಅನ್ನಬಾರದು."

"ಛೆ, ನಾವು ಅಂಥೋರಾ?" ಎಂದರು ಇಬ್ಬರೂ.

ಹೋಗಿ ನೋಡಿದರೆ ಕೆರೆಯಲ್ಲಿ ಹನಿ ನೀರಿಲ್ಲ. ಹೂಳೆತ್ತುವ ಜೆಸಿಬಿಯೊಂದೇ ಉದ್ದ ಕತ್ತು ಚಾಚಿಕೊಂಡು ನಿಂತಿತ್ತು.

"ನಾನು ನದಿ ಕಡೆ ಹೋಗೋಣ ಅಂತಿದ್ದೆ," ಎಂದ ಶಿವನಂಜ.

"ಮತ್ತೆ ಹೇಳಬೇಕಿತ್ತು ತಾನೇ?" ಎಂದ ತಿಪ್ಪೇಶಿ.

"ನೀನು ಬಿಟ್ರೆ ತಾನೇ ಹೇಳೋದು."

"ಮನೇಲಿ ಒಬ್ಬಟ್ಟು ಉಳಿದಿತ್ತು," ಎಂದು ಮುಕುಂದ ನಿಟ್ಟುಸಿರಿಟ್ಟ. "ಇವನ ಮಾತು ಕೇಳ್ಕೊಂಡು ಅದನ್ನೂ ಬಿಟ್ಟು ಬಂದೆ."

ತಿಪ್ಪೇಶಿ ಕಂಡ ಹಕ್ಕಿಗಳನ್ನು ಬರೆದಿಡುವ ಪುಸ್ತಕ ತೆರೆದು, ಅಂದಿನ ತಾರೀಖು ಹಾಕಿ ಬರೆದ:

"ಹಕ್ಕಿ: ಗೂಬೆ. ಸಂಖ್ಯೆ: ಒಂದು. ಕೂತ ಜಾಗ: ನನ್ನ ತಲೆ ಮೇಲೆ."