ನೆತ್ತಿಯ ಮೇಲಿನ ಕೈ

ವಾರ್ತಿನಿ ಬಾಳೆಲೆಯ ತುಂಡಿನ ಮೇಲೆ ಬೆಂದ ಸೋಯಾ ಕಾಳು ಹರಡಿ, ಮಡಿಚಿ, ಸೊಟ್ಟ ಕಿರುಬೆರಳಿನಿಂದ ಗಂಟು ಒತ್ತಿ ಹಿಡಿದು ದಾರ ಬಿಗಿಯುತ್ತಿದ್ದಳು. ಎರಡು ದಿನ ಬೆಚ್ಚಗಿಟ್ಟರೆ ಒಳಗೆ ಬಿಳಿ ಬೂಷ್ಟು ಕಟ್ಟಿ ಟೆಂಪೆಯಾಗುತ್ತದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಕಿವಿ ಮಾತ್ರ ಒಳಕೋಣೆಯ ಕಡೆಗಿತ್ತು. ಮಗಳು ಲಾರಸ್ ಇವತ್ತೂ ಹೊಟ್ಟೆನೋವೆಂದು ಶಾಲೆಗೆ ಹೋಗಿರಲಿಲ್ಲ. ಒಳಗಿನಿಂದ ನರಳಾಟವೂ ಇಲ್ಲ, ಸದ್ದೂ ಇಲ್ಲ.

ಫೋನು ಗುಂಯ್ ಎಂದಿತು. ಬೀದಿಯ ಹೆಂಗಸರ ಗುಂಪಿನಲ್ಲಿ ಪಕ್ಕದ ಮನೆಯ ಬು ಲಸ್ತ್ರಿ ಮತ್ತೆ ಅದೇ ಸ್ಟಿಕ್ಕರ್ ಹಾಕಿದ್ದಳು. ಕೆನ್ನೆ ಉಬ್ಬಿಸಿ, ಮೀಸೆ ಬರೆದ ಒಂದು ಅಳುಮುಖ. ಅದರ ತಲೆ ಅಮುಕುತ್ತಿರುವ ಯಾರದೋ ಕೈ. ಕೆಳಗೆ 'ಇನ್ನೊಂದು ಮಾಂಸದುಂಡೆ ಹಾಕೀ...' ವಾರ್ತಿನಿಗೆ ನಗು ಬಂತು. ಮಗಳೂ ಸ್ವಲ್ಪ ನಗಲಿ ಎಂದು ಫೋನು ಹಿಡಿದು ಒಳಗೆ ಹೋದಳು.

"ನೋಡೇ, ಈ ಉಂಡೆಮುಖಾನ. ನಿನ್ನೆ ನಿನ್ನ ಚಿಕ್ಕಮ್ಮನಿಗೂ ಕಳಿಸಿದೆ."

ಲಾರಸ್ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡಳು. "ನೀನೂ ಕಳಿಸಿದ್ಯಾ ಅಮ್ಮ?"

"ಯಾಕೇ, ಏನಾಯ್ತು?"

"ಅದು ನಾನು."

"ಹುಚ್ಚಿ," ಎಂದಳು ವಾರ್ತಿನಿ. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದಳು. ಮುಖದ ಗುರುತು ಆಗಲೂ ಸಿಗಲಿಲ್ಲ. ಸಿಕ್ಕಿದ್ದು ಕೈಯದು. ತಲೆಯ ಮೇಲಿದ್ದ ಆ ಕೈಯ ಕಿರುಬೆರಳು ಸೊಟ್ಟಗಿತ್ತು.

ರಂಜಾನ್ ಉಪವಾಸ ಮುಗಿದ ಲೆಬಾರಾನ್ ಹಬ್ಬದ ಬೆಳಿಗ್ಗೆ ಎಲ್ಲ ಮನೆಯ ಮಕ್ಕಳಂತೆ ಲಾರಸ್ ಮಂಡಿಯೂರಿ, ತಾಯಿಯ ತೊಡೆಗೆ ಹಣೆಯಿಟ್ಟು, ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳಿದ್ದಳು. ಬಿಕ್ಕುತ್ತಾ ಮುಖ ಎತ್ತಿದಾಗ ವಾರ್ತಿನಿ ನೆತ್ತಿ ಸವರಿ ಹರಸಿದ್ದಳು. ಫೋಟೊ ತೆಗೆದದ್ದು ಗಂಡ. ಊರಿಗೆಲ್ಲ ಕಾಣುವಂತೆ ತನ್ನ ಖಾತೆಯಲ್ಲಿ ಹಾಕಿದವಳು ವಾರ್ತಿನಿಯೇ. ಎಷ್ಟೊಂದು ಜನ ಮೆಚ್ಚಿದ್ದರು.

"ಯಾರು ಮಾಡಿದ್ದು ಇದನ್ನ?"

"ನಿಮಾಸ್. ಬು ಲಸ್ತ್ರಿ ಮಗಳು. ಈಗ ಕ್ಲಾಸಲ್ಲಿ ನನ್ನ ಹೆಸರೇ ಉಂಡೆ. ನಾನು ಒಳಗೆ ಕಾಲಿಟ್ರೆ ಎಲ್ಲರ ಫೋನೂ ಒಟ್ಟಿಗೆ ಬಡ್ಕೊಳ್ಳುತ್ತೆ. ಸಾಕು ನಿಲ್ಸು ಅಂದೆ, ಮೀಸೆ ಬರೆದ್ಲು."

"ಟೀಚರಿಗೆ ಹೇಳೋದಲ್ವಾ?"

"ಹೇಳಿದ್ರೆ ಇನ್ನೇನು ಬರೀತಾರೋ. ನೀನೂ ಯಾರಿಗೂ ಹೇಳಲ್ಲ ತಾನೇ?"

ವಾರ್ತಿನಿಯ ಕೈ ಅಭ್ಯಾಸದಂತೆ ಮಗಳ ನೆತ್ತಿಯತ್ತ ಹೋಯಿತು. ಲಾರಸ್ ತಲೆ ಹಿಂದಕ್ಕೆ ಸರಿಸಿದಳು. ಕೈ ಗಾಳಿಯಲ್ಲೇ ನಿಂತಿತು.

"ಇಲ್ಲ," ಎಂದಳು ವಾರ್ತಿನಿ.

ಅಡುಗೆಮನೆಗೆ ಬಂದು ಹಬ್ಬದ ಫೋಟೊ ಅಳಿಸಿದಳು. ಸ್ಟಿಕ್ಕರನ್ನೂ ಅಳಿಸಲು ಹೋದ ಬೆರಳು ತಡೆದು ನಿಂತಿತು. ಯಾರು ಯಾವಾಗ ಕಳಿಸಿದರೆಂದು ಅದರ ಜೊತೆಗೇ ಇತ್ತು. ತಂಗಿಗೆ ಕಳಿಸಿದ ಕಡೆ ತನ್ನ ಹೆಸರೂ ಇತ್ತು. ಇರಲಿ, ತೋರಿಸಲು ಬೇಕು. ಕೈ ತೊಳೆದು, ಹೊರಗೆ ಹೋಗುವಾಗ ಹಾಕುವ ತಲೆವಸ್ತ್ರಕ್ಕೆ ಪಿನ್ನು ಚುಚ್ಚಿ, ಬುಟ್ಟಿಯ ತಳದಲ್ಲಿ ಫೋನಿಟ್ಟು, ಮೇಲೆ ಆಗಷ್ಟೇ ಕಟ್ಟಿದ ಎಲೆಪೊಟ್ಟಣಗಳನ್ನು ಜೋಡಿಸಿದಳು.

"ಎಲ್ಲಿಗೆ?" ಬಾಗಿಲಲ್ಲಿ ಲಾರಸ್ ನಿಂತಿದ್ದಳು.

"ನಿನ್ನ ಶಾಲೆ ಕ್ಯಾಂಟೀನಿಗೆ. ಟೆಂಪೆ ಕೊಟ್ಟು ಬರ್ತೀನಿ."

ಎಲೆಯೊಳಗೆ ಇದ್ದದ್ದು ಇನ್ನೂ ಬರಿಯ ಕಾಳು. ಹುಟ್ಟಿದಾಗಿನಿಂದ ಈ ಅಡುಗೆಮನೆಯಲ್ಲೇ ಬೆಳೆದ ಹುಡುಗಿ ಬುಟ್ಟಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಹತ್ತಿರ ಬಂದು ಅದರ ಮೇಲೆ ಬಟ್ಟೆ ಮುಚ್ಚಿದಳು.